ಜೆನೊನ್ ಬೊಡ್ನಾರುಕ್‌ನ ತೊಂಬತ್ತು ದಿನ

ಮೂವತ್ತನಾಲ್ಕು ವರ್ಷ ಜೆನೊನ್ ಬೊಡ್ನಾರುಕ್ ಮಾಡಿದ್ದು ಒಂದೇ ಕೆಲಸ. ನಮ್ಮ ಟೂ ಹಿಲ್ಸ್ ಕೌಂಟಿಯ ಜಲ್ಲಿ ರಸ್ತೆಗಳನ್ನು ಗ್ರೇಡರ್ ಯಂತ್ರದಲ್ಲಿ ಹೆರೆದು ಮಟ್ಟ ಮಾಡುವುದು. ಚಳಿಗಾಲ ಬಂದರೆ ಅವೇ ರಸ್ತೆಗಳ ಹಿಮ ಬಳಿದು ಪಕ್ಕಕ್ಕೆ ತಳ್ಳುವುದು. ಕೌಂಟಿಯ ಗಡಿಕಂಬ ಬಂತೆಂದರೆ ಅಲಗು ಎತ್ತಬೇಕು, ಯಂತ್ರ ತಿರುಗಿಸಬೇಕು, ಬಂದ ದಾರಿಯಲ್ಲೇ ವಾಪಸ್ಸು ಬರಬೇಕು. ಆಚೆಯ ರಸ್ತೆ ಆಚೆಯವರ ಪಾಡು. ಭೂಮಿಯನ್ನು ಎಷ್ಟೋ ಸಲ ಸುತ್ತುವಷ್ಟು ದೂರ ಓಡಿಸಿದ ಮನುಷ್ಯ ಆ ಕೆಲಸದಲ್ಲಿ ಮನೆಯಿಂದ ಅರವತ್ತು ಮೈಲಿ ದಾಟಿರಲಿಲ್ಲ. ಗಾಣದ ಎತ್ತಿನ ಬಾಳು ಅಂತಾರಲ್ಲ, ಅದೇ. ನಿವೃತ್ತಿಯ ದಿನ ಕಚೇರಿಯವರು ಕೇಕು ಕತ್ತರಿಸಿ, "ಇನ್ನೇನ್ ಮಾಡ್ತೀಯ ಜೆನೊನ್?" ಎಂದು ಕೇಳಿದರು. "ನೇರ ಹೋಗ್ತೀನಿ. ತಿರುಗದೆ" ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಆ ವರ್ಷವೇ ವೆಗ್ರೆವಿಲ್‌ನಿಂದ ಹಳೆಯದೊಂದು ಮನೆಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಚಾಲಕನ ಸೀಟಿನ ಹಿಂದೆ ಎರಡು ಒಲೆ, ಒಂದು ತೊಟ್ಟಿ, ಮೇಜು, ಹಾಸಿಗೆ, ಬೀರುವಿನಷ್ಟೇ ಅಗಲದ ಬಚ್ಚಲು. ಛಾವಣಿ ಸೋರುತ್ತಿತ್ತು, ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದಿದ್ದವು. ರಿಪೇರಿಗೆ ಎರಡು ಬೇಸಿಗೆ ಹಿಡಿಯಿತು. ಹೋಗುವುದೆಲ್ಲಿಗೆ ಎಂಬುದು ಮಾತ್ರ ಮೊದಲ ದಿನವೇ ಗೊತ್ತಿತ್ತು: ಉತ್ತರಕ್ಕೆ. ಡಾಸನ್ ಕ್ರೀಕ್‌ನಿಂದ ಕಾಡು ಸೀಳಿಕೊಂಡು ಹೋಗುವ ಆ ಉದ್ದನೆಯ ಹೆದ್ದಾರಿ ಹಿಡಿದು ಯೂಕಾನ್ ದಾಟಿ, ಅಮೆರಿಕದ ಗಡಿ ದಾಟಿ, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ವರೆಗೆ.

ಉತ್ತರದ ಹುಚ್ಚು ಮೊದಲು ಹತ್ತಿದ್ದು ಅವನಿಗಲ್ಲ, ಅವನ ಹೆಂಡತಿ ನೆಟ್ಟಿಗೆ. ಯುದ್ಧದ ಕಾಲದಲ್ಲಿ ಕಾಡು ಕಡಿದು ಆ ಹೆದ್ದಾರಿ ಮಾಡುವಾಗ ಅವಳಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದ. ಸಾಯುವ ತನಕ ಯೂಕಾನಿನ ಕ್ಲುವಾನಿ ಸರೋವರದ ಮಾತೇ ಅವನ ಬಾಯಲ್ಲಿ. ಆಚೆ ದಡ ಕಾಣದಷ್ಟು ನೀರು, ಅದರ ನೆತ್ತಿಯ ಮೇಲೇ ಹಿಮದ ಬೆಟ್ಟ. ಅಲ್ಲಿ ನಿಂತರೆ ಮನುಷ್ಯನಿಗೆ ತನ್ನ ಕಷ್ಟ ನೆನಪಿಗೇ ಬರೋದಿಲ್ಲ ಅನ್ನುತ್ತಿದ್ದನಂತೆ. ನೆಟ್ಟಿ ವೃದ್ಧರ ವಸತಿಯಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದವಳು. ಒಂದೇ ಸಲ ಆ ನೀರಿನ ಪಕ್ಕ ಕುರ್ಚಿ ಹಾಕಿಕೊಂಡು, ಇನ್ನೊಬ್ಬರು ಮಾಡಿಕೊಟ್ಟ ಚಹಾ ಕುಡಿಯಬೇಕು ಎನ್ನುವುದು ಅವಳ ಆಸೆ. ಆ ಇನ್ನೊಬ್ಬರು ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಜನವರಿಯಲ್ಲಿ ಹೊರಗೆ ಮೈನಸ್ ಮೂವತ್ತೈದು. ಒಳಗೆ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ, ಮೈಲಿಮೈಲಿಗೂ ಏನಿದೆ ಎಂದು ಬರೆದ ದಪ್ಪನೆಯ ದಾರಿಪುಸ್ತಕ, ಹಳದಿ ಪೆನ್ನು. ಜೆನೊನ್ ರಸ್ತೆಯ ಮನುಷ್ಯ. ಮಣ್ಣು ಹೆಪ್ಪುಗಟ್ಟಿ ಉಬ್ಬಿ ಡಾಂಬರು ಎಲ್ಲಿ ಎದ್ದಿರುತ್ತದೆ, ಜಲ್ಲಿಯ ಕಲ್ಲು ಎಲ್ಲಿ ಗಾಜಿಗೆ ಸಿಡಿಯುತ್ತದೆ ಎಂದು ನಕ್ಷೆ ನೋಡಿಯೇ ಹೇಳಬಲ್ಲ.

"ಫೋರ್ಟ್ ನೆಲ್ಸನ್ ದಾಟಿದ್ಮೇಲೆ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳೀಬಾರ್ದು. ಎಲ್ಲಿ ಪೆಟ್ರೋಲ್ ಕಾಣ್ತದೋ ಅಲ್ಲಿ ತುಂಬಿಸ್ಬೇಕು."

"ನಿನ್ನ ಹೊಟ್ಟೆಗೂ ಅದೇ ಕಾನೂನಾ? ಯಾಕಂದ್ರೆ ನಾನು ಆರುನೂರು ಕಡುಬು ಮಾತ್ರ ಮಾಡೋದು" ಎಂದಳು ನೆಟ್ಟಿ. ಆಲೂಗಡ್ಡೆ ಹೂರಣದ ನಮ್ಮ ಪಿರೋಹಿ ಕಡುಬನ್ನು ಮಾಡಿ ಮಾಡಿ ಫ್ರೀಜರಿಗೆ ತುಂಬುತ್ತಿದ್ದಳು.

"ಆರುನೂರು ಲಿಯಾರ್ಡ್ ಬಿಸಿನೀರಿನ ಬುಗ್ಗೆ ತನಕ ಬರ್ತದೆ. ಆಮೇಲೆ?"

"ಆಮೇಲೆ ಕರಡಿ ಹಿಡ್ಕೊಂಡ್ ಬಾ. ಸಾರು ಮಾಡ್ತೀನಿ."

"ಈ ವಯಸ್ನಲ್ಲಿ ಕರಡಿ ಹಿಂದೆ ಓಡ್ಲಾ?"

"ಮುಂದೆ ಓಡು ಮುದುಕ. ಅದು ತಾನಾಗೇ ಹಿಂದೆ ಬರ್ತದೆ."

ನಲವತ್ತಾರು ವರ್ಷದ ಸಂಸಾರ ಹೀಗೇ ನಡೆದಿತ್ತು. ನೆಟ್ಟಿಯ ನಾಲಿಗೆ ಹರಿತ, ಆದರೆ ಮಾತಿನ ಕೊನೆ ಯಾವಾಗಲೂ "ಸರಿ, ಆಯ್ತು." ಯಾವ ಊರಲ್ಲಿ ಮನೆ, ಯಾವ ಬಣ್ಣದ ಕಾರು, ಮಗಳಿಗೆ ಯಾವ ಹೆಸರು, ಎಲ್ಲದಕ್ಕೂ ಎರಡು ಮಾತು ಕುಟುಕಿ, ಕೊನೆಗೆ ಸರಿ, ಆಯ್ತು. ಜೆನೊನ್ ಕೆಟ್ಟವನಲ್ಲ. ಕೇಳಿ ಕೇಳಿ ಅಭ್ಯಾಸವಾದ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಫೆಬ್ರವರಿ ಕೊನೆಗೆ ಊರಿನ ಡಾಕ್ಟರಮ್ಮ ನೆಟ್ಟಿಯ ರಕ್ತದೊತ್ತಡದ ಮಾತ್ರೆ ಬದಲಿಸಿದಳು. ಅದರಲ್ಲೇನು ಮಹಾ ಎನ್ನಬೇಡಿ. ಮರುದಿನ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ತರಾಸ್ ಅದನ್ನು ಕೇಳಿ ಕಪ್ಪು ಕೆಳಗಿಟ್ಟ. ತರಾಸ್ ಪ್ರತಿ ಚಳಿಗಾಲ ಅರಿಜೋನಾಕ್ಕೆ ಹೋಗಿ ಬಿಸಿಲು ಕಾಯಿಸಿಕೊಂಡು ಬರುವ ಆಸಾಮಿ. ಗಡಿ ದಾಟುವ ವಿಷಯದಲ್ಲಿ ಅವನ ಮಾತೇ ಊರಿನ ವೇದ.

"ಮಾತ್ರೆ ಬದಲಾಯ್ತಾ? ಹಾಗಾದ್ರೆ ಇವತ್ತಿಂದ ತೊಂಬತ್ತು ದಿನ ಎಣಿಸು."

"ಯಾತಕ್ಕೆ?"

"ವಿಮೆಗೋ, ಪೆದ್ದ. ನಮ್ಮ ದೇಶದಲ್ಲಿ ಎಲ್ಲೇ ಬಿದ್ರೂ ನಮ್ಮ ಆರೋಗ್ಯದ ಕಾರ್ಡು ತೋರಿಸಿದ್ರೆ ಆಸ್ಪತ್ರೆ ನೋಡ್ಕೊಳ್ತದೆ. ಗಡಿ ಆಚೆ ಎರಡು ದಿನ ಮಲಗಿದ್ರೆ ನಿನ್ನ ಮನೆ, ಗಾಡಿ, ನಿನ್ನ ಚಡ್ಡಿ, ಎಲ್ಲಾ ಅವರ್ದೇ. ಅದಕ್ಕೇ ವಿಮೆ ಬೇಕು. ವಿಮೆಯವರು ಏನಂತಾರೆ? ಹೊರಡೋಕೆ ಮುಂಚೆ ತೊಂಬತ್ತು ದಿನ ಕಾಯಿಲೆ ಅಲ್ಲಾಡ್ಬಾರ್ದು. ಹೊಸ ಮಾತ್ರೆ ಇಲ್ಲ, ಹೊಸ ನೋವಿಲ್ಲ, ಹೊಸ ಪರೀಕ್ಷೆ ಇಲ್ಲ. ಏನಾದ್ರೂ ಆಯ್ತು ಅಂದ್ರೆ ಮತ್ತೆ ಒಂದರಿಂದ ಎಣಿಸು."

"ಮಧ್ಯದಲ್ಲಿ ಏನಾದ್ರೂ ಆದ್ರೆ?"

ತರಾಸ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. ಈ ಮಾತು ನಮ್ಮ ಕಡೆ ವಯಸ್ಸಾದವರು ಕಾಫಿ ಕುಡಿಯುವ ಪ್ರತಿಯೊಂದು ಮೇಜಿನಲ್ಲೂ ಓಡಾಡುತ್ತದೆ. ಯಾರು ಮೊದಲು ಹೇಳಿದರೋ, ಅವರ ಬಾಯಿಗೆ ಹುಳ ಬೀಳಲಿ. "ಡಾಕ್ಟರ್ ಫೈಲಲ್ಲಿ ಇಲ್ದೆ ಇದ್ದದ್ದು ಆಗೇ ಇಲ್ಲ."

ಜೆನೊನ್ ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿ ಬರೆಯಲು ಶುರು ಮಾಡಿದ. ಒಂದು, ಎರಡು, ಮೂರು. ತೊಂಬತ್ತು ಬೀಳುವುದು ಮೇ ತಿಂಗಳ ಇಪ್ಪತ್ತೈದಕ್ಕೆ. ಹೊರಡುವುದು ಇಪ್ಪತ್ತೆಂಟಕ್ಕೆ. ದಾರಿಯಲ್ಲಿ ಹಿಮವೂ ಕರಗಿರುತ್ತದೆ. ಫೋನಿನಲ್ಲೇ ವಿಮೆ ಮಾಡಿಸಿದ. ಮಾತ್ರೆಯ ಮಾತು ಬಂದಾಗ, ತೊಂಬತ್ತು ದಿನ ಏನೂ ಬದಲಾಗದಿದ್ದರೆ ಸರಿ ಎಂದರು ಅವರು. ಬದಲಾಗಲ್ಲ ಎಂದ ಇವನು, ಬ್ರಹ್ಮನ ಹಣೆಬರಹ ತಾನೇ ಬರೆದವನ ಹಾಗೆ.

ಏಪ್ರಿಲ್ ಇಪ್ಪತ್ತಮೂರು, ಐವತ್ತೆಂಟನೆಯ ದಿನ. ಅಂಗಳದ ಹಿಮ ಕರಗಿ ಕೆಸರಾಗಿತ್ತು. ನೆಟ್ಟಿ ಮನೆಗಾಡಿಗೆ ಪಾತ್ರೆ ಸಾಗಿಸುತ್ತಿದ್ದಳು. ಮೂರು ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ನೀರಿನ ಪಂಪು ಬಿಚ್ಚುತ್ತಿದ್ದ ಜೆನೊನ್ ತಲೆಯೆತ್ತಿದ.

"ಏನಾಯ್ತು?"

"ಇಲ್ಲಿ ಯಾರೋ ಮಂಡಿ ಊರಿ ಕೂತ ಹಾಗಾಗ್ತದೆ" ಎಂದು ಎದೆ ಮುಟ್ಟಿ ತೋರಿಸಿದಳು. "ಮೊನ್ನೆನೂ ಆಗಿತ್ತು. ಚರ್ಚಿನ ಮೆಟ್ಟಿಲು ಹತ್ತುವಾಗ. ನಿಂತ್ರೆ ಹೋಗ್ತದೆ."

ಜೆನೊನ್ ಪಂಪು ಬಿಟ್ಟು ಓಡಿ ಬಂದ, ಅದು ಸುಳ್ಳಲ್ಲ. ಅವಳನ್ನು ಕೂರಿಸಿದ, ನೀರು ಕೊಟ್ಟ, ಅಂಗೈ ಉಜ್ಜಿದ. ಆದರೆ ಅದೇ ಗಳಿಗೆಯಲ್ಲಿ ಮನಸ್ಸಿನ ಇನ್ನೊಂದು ಮೂಲೆ ಎಣಿಸುತ್ತಿತ್ತು: ಇನ್ನು ಮೂವತ್ತೆರಡು. ಈಗ ಡಾಕ್ಟರಮ್ಮನಿಗೆ ಹೇಳಿದರೆ ಎಡ್ಮಂಟನ್ನಿಗೆ ಕಳಿಸುತ್ತಾಳೆ, ಪರೀಕ್ಷೆ ಅನ್ನುತ್ತಾಳೆ, ಹೊಸ ಮಾತ್ರೆ ಅನ್ನುತ್ತಾಳೆ. ಮತ್ತೆ ಒಂದರಿಂದ ಎಣಿಸಿದರೆ ಬೇಸಿಗೆಯೇ ಮುಗಿಯುತ್ತದೆ. ಅವನಿಗೆ ಎಪ್ಪತ್ತೊಂದು, ಅವಳಿಗೆ ಅರವತ್ತೊಂಬತ್ತು. ಇನ್ನೊಂದು ಬೇಸಿಗೆ ಸಿಕ್ಕೇ ಸಿಗುತ್ತದೆ ಎಂದು ಬರೆದುಕೊಟ್ಟವರಾರು?

"ನಾಳೆ ಡಾಕ್ಟರ್ ಹತ್ರ ಹೋಗಿ ಬರ್ತೀನಿ" ಎಂದಳು ನೆಟ್ಟಿ.

"ಹೋಗೋಣ. ಆದ್ರೆ..." ಎಂದು ಅವನು ಎಳೆದ. "ಎಣಿಕೆ ಮತ್ತೆ ಶುರುವಾಗ್ತದಲ್ಲ ನೆಟ್ಟಿ."

"ಆಗ್ಲಿ. ಅಲಾಸ್ಕಾ ಬೇಡ. ಕ್ಲುವಾನಿ ಗಡಿಯ ಈ ಕಡೆನೇ ಇದ್ಯಲ್ಲ? ನಮ್ಮ ಕಾರ್ಡೇ ಸಾಕು. ಡಾಕ್ಟರ್‌ಗೆ ತೋರಿಸ್ಕೊಂಡು, ಅವಳು ಕೊಟ್ಟ ಮಾತ್ರೆ ನುಂಗ್ಕೊಂಡು, ಸರೋವರ ನೋಡ್ಕೊಂಡು ವಾಪಸ್ ಬರೋಣ. ನಂಗೆ ಗಡಿ ದಾಟೋದು ಬೇಡ."

ಅವಳು ಅಷ್ಟು ಉದ್ದ ಮಾತಾಡಿದ್ದೇ ಅಪರೂಪ. ಅದರಲ್ಲಿ ಕುಟುಕು ಇರಲಿಲ್ಲ, ನಗು ಇರಲಿಲ್ಲ. ಬೇರೆ ದಿನವಾಗಿದ್ದರೆ ಜೆನೊನ್‌ಗೆ ಅದು ತಿಳಿಯುತ್ತಿತ್ತೋ ಏನೋ. ಆ ದಿನ ಅವನ ಕಿವಿಗೆ ಬಿದ್ದದ್ದು "ಗಡಿ," "ವಾಪಸ್" ಎಂಬ ಎರಡೇ ಮಾತು. ಹಿಂದಿನ ವಾರವಷ್ಟೇ ಕಾಫಿ ಅಂಗಡಿಯಲ್ಲಿ ತರಾಸ್, "ಗಡಿ ದಾಟ್ದೆ ಬರೋದು ಅಂದ್ರೆ ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದ ಹಾಗೆ ಕಣೋ" ಎಂದು ಎಲ್ಲರೆದುರು ಆಡಿಕೊಂಡಿದ್ದ.

"ಒಂದೂವರೆ ಸಾವಿರ ಮೈಲಿ ಹೋಗಿ ಗಡಿಕಂಬ ನೋಡಿ ತಿರುಗೋದಾ?" ಎಂದ ಜೆನೊನ್. ದನಿ ತಾನಾಗಿ ಏರಿತು. "ಅದನ್ನೇ ಮೂವತ್ನಾಲ್ಕು ವರ್ಷ ಮಾಡಿದೀನಿ. ಕಂಬ ಬಂತು, ಅಲಗು ಎತ್ತು, ತಿರುಗು. ಒಂದು ಸಲ, ನೆಟ್ಟಿ. ಸಾಯೋಕೆ ಮುಂಚೆ ಒಂದೇ ಒಂದು ಸಲ ದಾಟ್ಬೇಕು ನಾನು. ಮೂವತ್ತೆರಡು ದಿನ. ನೀನು ಭಾರ ಎತ್ಬೇಡ, ಮೆಟ್ಲು ಹತ್ಬೇಡ, ಎಲ್ಲಾ ನಾನು ಮಾಡ್ತೀನಿ. ಊರಿಗೆ ವಾಪಸ್ ಬಂದ ದಿನವೇ ಎಡ್ಮಂಟನ್ನಿಗೆ ಹೋಗೋಣ. ನನ್ನಾಣೆ."

 ನೆಟ್ಟಿ ಮಡಿಲಲ್ಲಿದ್ದ ಬಾಣಲೆಯನ್ನು ಅವನ ಕೈಗೆ ಕೊಟ್ಟಳು.

"ಸರಿ, ಆಯ್ತು" ಎಂದಳು. "ಲಾರಿಸಾಗೆ ಹೇಳ್ಬೇಡ. ಅವಳು ನಿನ್ನನ್ನ ಬೈತಾಳೆ."

ಲಾರಿಸಾ ಎಂದರೆ ಅವರ ಒಬ್ಬಳೇ ಮಗಳು, ಎಡ್ಮಂಟನ್ನಿನಲ್ಲಿ ಶಾಲೆಯ ಟೀಚರು. ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು. "ಅಮ್ಮ ಹೇಗಿದಾಳೆ?" ಎಂದರೆ ಜೆನೊನ್, "ನನಗಿಂತ ಗಟ್ಟಿ" ಎನ್ನುತ್ತಿದ್ದ.

ಮಾತು ಕೊಟ್ಟ ಹಾಗೆ ಎಲ್ಲ ಕೆಲಸ ತಾನೇ ಮಾಡಿದ. ಅನ್ಯಾಯವಾಗಿ ಹೇಳಬಾರದು, ಅವಳಿಗೆ ಒಂದು ಬಕೆಟ್ ಎತ್ತಲು ಬಿಡಲಿಲ್ಲ. ದಿನಕ್ಕೆ ಹತ್ತು ಸಲ "ಹೇಗಿದೆ?" ಎಂದು ಕೇಳುತ್ತಿದ್ದ. ಅವಳು ದಿನಕ್ಕೆ ಹತ್ತು ಸಲ "ಏನಿಲ್ಲ ಬಿಡು" ಎನ್ನುತ್ತಿದ್ದಳು. ಅವಳು ಹೇಳಿದ್ದನ್ನು ಅವನು ನಂಬಿದ. ನಂಬುವುದು ಅವನಿಗೆ ಬೇಕಾಗಿತ್ತು.

ಮೇ ಹದಿನೆಂಟು. ಎಂಬತ್ತಮೂರನೆಯ ದಿನ. ಮಧ್ಯಾಹ್ನ ಊಟವಾದ ಮೇಲೆ ನೆಟ್ಟಿ, ಹಾಸಿಗೆಗೆ ಬಟ್ಟೆ ಹಾಕುವುದೊಂದು ತಾನೇ ಮಾಡುತ್ತೇನೆ, ಗಂಡಸರು ಹಾಸಿದ ಹಾಸಿಗೆಯಲ್ಲಿ ಮಲಗಿದರೆ ಬೆನ್ನು ಮುರಿಯುತ್ತದೆ ಎಂದು ಮನೆಗಾಡಿ ಹತ್ತಿದಳು. ಜೆನೊನ್ ಹೊರಗೆ ಕುಕ್ಕರಗಾಲಿನಲ್ಲಿ ಕೂತು ಟೈರಿಗೆ ಗಾಳಿ ನೋಡುತ್ತಿದ್ದ.

"ದಿಂಬು ಎರಡು ಸಾಕಾ, ನಾಲ್ಕು ಬೇಕಾ?" ಒಳಗಿನಿಂದ ಅವಳ ದನಿ ಕೇಳಿತು.

"ನಿಂಗೆಷ್ಟು ಬೇಕೋ ಅಷ್ಟು ಇಟ್ಕೋ."

ಆಗ ಅವನು ಎರಡನೆಯ ಟೈರಿನಲ್ಲಿದ್ದ. ಆ ಗಾಡಿಗೆ ಆರು ಟೈರು. ಒಳಗೆ ಏನೋ ಮೆತ್ತಗೆ ಬಿದ್ದ ಸದ್ದಾಯಿತು; ದಿಂಬು ಎಸೆದಳು ಅಂದುಕೊಂಡ. ಮೂರು, ನಾಲ್ಕು, ಐದು, ಆರು ಮುಗಿಸಿ, ಕೈ ಒರೆಸಿಕೊಂಡು, ಎಲ್ಲವೂ ಸರಿಯಾಗಿದೆ ಎಂದು ಹೇಳಲು ಒಳಗೆ ಹೋದ.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಬಂದು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಬೇರೆ ಯಾರೋ ಡಾಕ್ಟರು ಕಾಗದ ಹಿಡಿದು ಕೇಳಿದ, "ಇತ್ತೀಚೆಗೆ ಎದೆನೋವು, ಉಸಿರು ಕಟ್ಟೋದು, ಏನಾದ್ರೂ ಹೇಳ್ತಿದ್ರಾ?" ಪಕ್ಕದಲ್ಲಿ ಆಗಷ್ಟೇ ಎಡ್ಮಂಟನ್ನಿನಿಂದ ಓಡಿ ಬಂದ ಲಾರಿಸಾ ಅಪ್ಪನ ತೋಳು ಹಿಡಿದು ನಿಂತಿದ್ದಳು.

"ಇಲ್ಲ" ಎಂದ ಜೆನೊನ್.

ಒಂದು ಸಲ ಇಲ್ಲ ಅಂದ ಮೇಲೆ ಊರೆಲ್ಲ ಆ ಇಲ್ಲವನ್ನೇ ಎತ್ತಿ ಎತ್ತಿ ಅವನ ತಟ್ಟೆಗೆ ಬಡಿಸಿತು. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕೋಸಿನೆಲೆಯಲ್ಲಿ ಸುತ್ತಿದ ಅಕ್ಕಿ, ಕಡುಬು, ಕಪ್ಪು ಚಹಾ. ಕಡುಬು ನೆಟ್ಟಿ ದಾರಿಗೆಂದು ಮಾಡಿಟ್ಟವೇ. ಅದನ್ನೇ ಬಡಿಸುವುದು ಮಗಳಿಗೆ ಸರಿ ಅನ್ನಿಸಿತ್ತು. ಒಬ್ಬೊಬ್ಬರೂ ಬಂದು ಹೆಗಲು ಹಿಡಿದು ಹೇಳಿದರು: ಪುಣ್ಯವಂತೆ, ನೋವಿಲ್ಲದೆ ಹೋದಳು. ಒಂದು ಸೂಚನೆಯೂ ಇರಲಿಲ್ಲವಂತೆ. ಇಂಥ ಸಾವು ಯಾರಿಗೆ ಬರುತ್ತದೆ? ಜೆನೊನ್ ತಲೆಯಾಡಿಸಿದ. ತಟ್ಟೆಯ ಕಡುಬನ್ನು ಎರಡಾಗಿ ಮುರಿದು ಹಾಗೇ ಬಿಟ್ಟ. ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಮಾಡಿದವರು ಉಣ್ಣುವುದು ಇಷ್ಟು ಕಷ್ಟ ಎಂದು ಎಲ್ಲೂ ಹೇಳಿಲ್ಲ. ತರಾಸ್ ಒಬ್ಬ ಮಾತ್ರ ಹತ್ತಿರ ಬರಲಿಲ್ಲ. ದೂರದ ಮೇಜಿನಲ್ಲಿ ಬೆನ್ನು ಹಾಕಿ ಕೂತಿದ್ದ.

ಮೇ ಇಪ್ಪತ್ತೆಂಟು. ಹೊರಡಬೇಕಾಗಿದ್ದ ದಿನ. ಲಾರಿಸಾ ಇನ್ನೂ ಊರಲ್ಲೇ ಇದ್ದಳು, ಒಳಕೋಣೆಯಲ್ಲಿ ಅಮ್ಮನ ಬಟ್ಟೆ ಮಡಿಸುತ್ತಿದ್ದಳು. ಆ ವಿಮೆ ಒಂದು ರದ್ದು ಮಾಡಿಸಿಬಿಡು ಅಪ್ಪ ಎಂದು ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದಳು. ಹತ್ತು ಗಂಟೆಗೆ ಜೆನೊನ್ ಫೋನು ತಿರುಗಿಸಿದ. ಆ ಕಡೆ ಚಿಕ್ಕ ವಯಸ್ಸಿನ ಹುಡುಗಿಯ ದನಿ.

"ರದ್ದು ಮಾಡೋಕೆ ಕಾರಣ ಏನು ಸಾರ್?"

"ಹೆಂಡ್ತಿ ತೀರ್ಕೊಂಡ್ಲು."

"ಅಯ್ಯೋ, ತುಂಬ ಬೇಜಾರಾಯ್ತು ಸಾರ್. ನಿಮಗೆ ತೊಂದ್ರೆ ಕೊಡಲ್ಲ, ಬೇಗ ಮುಗಿಸ್ತೀನಿ. ಒಂದೇ ಪ್ರಶ್ನೆ ಕೇಳ್ಬೇಕು. ಮಾತ್ರೆ ಬದಲಾದ್ಮೇಲೆ ಈ ತೊಂಬತ್ತು ದಿನದಲ್ಲಿ ಅವರಿಗೆ ಹೊಸ ತೊಂದ್ರೆ ಏನೂ ಇರ್ಲಿಲ್ಲ, ಅಲ್ವಾ?"

ಜೆನೊನ್ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಹುಡುಗಿ ಕಾದಳು. ಆಮೇಲೆ ಮೃದುವಾಗಿ, "ಪರವಾಗಿಲ್ಲ ಸಾರ್, ಈಗ ಅದರಿಂದ ಏನೂ ವ್ಯತ್ಯಾಸ ಆಗಲ್ಲ. ಇಲ್ಲ ಅಂತಾನೇ ಬರ್ಕೊಳ್ಲಾ?" ಎಂದಳು.

"ಬೇಡಮ್ಮ" ಎಂದ ಜೆನೊನ್. "ಇತ್ತು ಅಂತ ಬರ್ಕೊ."

"ಸಾರ್?"

"ಎದೆನೋವು ಇತ್ತು. ಏಪ್ರಿಲಿಂದ. ಮೆಟ್ಲು ಹತ್ತಿದ್ರೆ ಬರ್ತಿತ್ತು. ನಂಗೆ ಹೇಳಿದ್ಲು. ಡಾಕ್ಟರಿಗೆ ಹೇಳ್ಲಿಲ್ಲ. ಹೇಳಿದ್ರೆ ನಿಮ್ಮ ತೊಂಬತ್ತು ದಿನ ಮತ್ತೆ ಶುರುವಾಗ್ತಿತ್ತಲ್ಲ. ಅದಕ್ಕೇ... ನಾವಿಬ್ರೂ ಯೋಚ್ನೆ ಮಾಡಿ, ಬಂದ್ಮೇಲೆ ತೋರಿಸೋಣ ಅಂತ ತೀರ್ಮಾನ ಮಾಡಿದ್ವಿ. ಏಳು ದಿನ ಉಳಿದಿತ್ತಮ್ಮ. ಬರೀ ಏಳು."

 ಆ ಹುಡುಗಿ ಕೂತಿರುವ ಕೆಲಸಕ್ಕೆ ಇಂಥದ್ದಕ್ಕೆಲ್ಲ ಉತ್ತರ ಬರೆದುಕೊಟ್ಟಿರುವುದಿಲ್ಲ, ಪಾಪ. "ನಿಮ್ಮ ಮನೇಲಿ ಯಾರಾದ್ರೂ ಇದಾರಾ ಸಾರ್?" ಎಂದು ಕೇಳಿದಳು. ಇದ್ದಾಳೆ ಎಂದು ಜೆನೊನ್ ಫೋನು ಇಟ್ಟ. ತಿರುಗಿ ನೋಡಿದರೆ ಲಾರಿಸಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತೋಳಿನ ಮೇಲೆ ಅಮ್ಮನ ಮೂರು ಸ್ವೆಟರು.

ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಅವನ ಜೀವ ಒಂದಿಷ್ಟಾದರೂ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ, ನಿಧಾನವಾಗಿ ಕೇಳಿದಳು.

"ಆಸ್ಪತ್ರೇಲಿ ಕೇಳಿದಾಗ ನೀನು ಇಲ್ಲ ಅಂದೆ."

"ಹೌದು."

"ಹತ್ತು ದಿನದಿಂದ ನಾನು ಎಲ್ಲರಿಗೂ ಹೇಳ್ತಾ ಇದೀನಿ, ಅಮ್ಮಂಗೆ ಏನೂ ಗೊತ್ತಾಗ್ಲಿಲ್ಲ ಅಂತ. ಅದೊಂದೇ ನಂಗೆ ಸಮಾಧಾನ ಇತ್ತು."

ಜೆನೊನ್ ಮೇಜಿನ ಅಂಚು ಹಿಡಿದುಕೊಂಡ. ಲಾರಿಸಾ ಒಂದು ಹೆಜ್ಜೆ ಮುಂದೆ ಬಂದಳು.

"ಇಬ್ರೂ ಸೇರಿ ತೀರ್ಮಾನ ಮಾಡಿದ್ರಿ ಅಂದ್ಯಲ್ಲ ಅಪ್ಪ, ಈಗ ಫೋನಲ್ಲಿ. ಅಮ್ಮನೂ ಹಾಗೇ ಅಂದ್ಲಾ? ಅವಳಿಗೂ ಅದೇ ಬೇಕಿತ್ತಾ?"

ಹೌದು ಎಂದುಬಿಡಬಹುದಾಗಿತ್ತು. ಆ ದಿನದ ಮಾತು ಕೇಳಿಸಿಕೊಂಡವರು ಇನ್ಯಾರೂ ಇರಲಿಲ್ಲ, ಇದ್ದವಳು ಮಣ್ಣಲ್ಲಿದ್ದಳು. ಮಗಳ ಮುಖದಲ್ಲೂ ಅದೇ ಬೇಡಿಕೆ ಇತ್ತು, ಹೌದು ಅನ್ನು ಅಪ್ಪ, ಅಮ್ಮನಿಗೂ ಆಸೆಯಿತ್ತು ಅನ್ನು, ಹಾಗಂದರೆ ನಾನು ನಿನ್ನನ್ನು ಕ್ಷಮಿಸಬಲ್ಲೆ. ಜೆನೊನ್ ಬಾಯಿ ತೆರೆದ. ನಲವತ್ತಾರು ವರ್ಷ ನೆಟ್ಟಿಯ ಪರವಾಗಿ ಅವನೇ ಹೌದು ಅಂದಿದ್ದ. ಇನ್ನೊಂದು ಸಲ ಅನ್ನಲು ನಾಲಿಗೆ ಹೊರಳಲಿಲ್ಲ.

"ಇಲ್ಲ ಮಗಳೇ" ಎಂದ. "ಅವಳು ಬೇಡ ಅಂದಿದ್ಲು. ಡಾಕ್ಟರ್ ಹತ್ರ ಹೋಗ್ತೀನಿ, ಗಡಿ ದಾಟೋದು ಬೇಡ, ಸರೋವರ ಈ ಕಡೆನೇ ಇದೆ ಅಂದಿದ್ಲು. ನನ್ನನ್ನ ಮದುವೆ ಆದ್ಮೇಲೆ ಅವಳು ಬೇಡ ಅಂದಿದ್ದು ಅದೊಂದೇ ಸಲ. ನಾನು ಕೇಳ್ಲಿಲ್ಲ."

ಲಾರಿಸಾ ಸ್ವೆಟರುಗಳನ್ನು ಕುರ್ಚಿಯ ಮೇಲಿಟ್ಟಳು. ಮತ್ತೆ ಏನನ್ನಿಸಿತೋ, ಒಂದನ್ನು ಎತ್ತಿಕೊಂಡು ಮುಖಕ್ಕೆ ಒತ್ತಿ, ಹತ್ತು ದಿನದಿಂದ ಅಳದೆ ಉಳಿದವಳು ನಿಂತಲ್ಲೇ ಅತ್ತಳು. ಜೆನೊನ್ ಕೈ ಚಾಚಿ ಎರಡು ಹೆಜ್ಜೆ ಇಟ್ಟ. ಅವಳು ಮುಖ ಎತ್ತದೆ, ಅಂಗೈ ಮುಂದೆ ಹಿಡಿದು, ಬೇಡ ಎಂದಳು.

ಈ ಸಲ ಅವನು ಕೇಳಿಸಿಕೊಂಡ. ಅಲ್ಲೇ ನಿಂತ.